ಮನೆ ಖಾಲಿಯಾದ ಮೇಲೆ ಆ್ಯಸಿಡ್ ಕ್ಯಾನ್ ಹಿಡಿದು ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ

ವಿಜಯಪುರದ ಜಲನಗರ ಕಡೆಯ ಎರಡು ಬೆಡ್‌ರೂಮಿನ ಬಾಡಿಗೆ ಮನೆ. ಹಾಲ್‌ನಲ್ಲಿ ಶಹಾಬಾದ್ ಪರಸಿ (ನೆಲಕ್ಕೆ ಹಾಸುವ ಕಲ್ಲು), ಅಡಿಗೆ ಕಟ್ಟೆಗೆ ಕಡಪಾ ಕಲ್ಲು. ಬಾಡಿಗೆದಾರರು ಕೀಲಿ ಕೊಟ್ಟು ಹೋದ ಮರುದಿನ, ಸಂಜೆಯೊಳಗೆ ಎಲ್ಲ ಮುಗಿಸಿಕೊಡುತ್ತೇವೆ ಎಂದು ಕ್ಲೀನಿಂಗ್‌ನವರು ಬಂದರು. ಬಚ್ಚಲಿನ ಟೈಲ್ಸ್‌ಗೆ ತಂದ ಆ್ಯಸಿಡ್ ಕ್ಯಾನಿನಲ್ಲಿ ಉಳಿದದ್ದನ್ನು ಬಕೆಟ್ ನೀರಿಗೆ ಸುರಿದು ಹಾಲ್‌ಗೂ ಹರಡಿದರು. "ಕನ್ನಡಿ ಹಂಗ ಹೊಳೀತೈತ್ರಿ" ಅಂದಿದ್ದರು. ನೆಲ ಒಣಗಿದ ಮೇಲೆ ಕಂಡದ್ದು ಬೂದಿ ಬಳಿದಂಥ ಬಿಳಿಚು ಬಣ್ಣ. ಕೈಯಾಡಿಸಿದರೆ ಒರಟು. ಹೊಲಸಿನ ಜೊತೆ ಪಾಲಿಶೂ ಹೋಗಿತ್ತು.

ಶಹಾಬಾದ್, ಕಡಪಾ, ಕೋಟಾ ಮೂರೂ ಸುಣ್ಣದ ಕಲ್ಲುಗಳು, ಮಾರ್ಬಲ್ ಕೂಡ ಅದೇ ಕುಲದ್ದು. ಬಚ್ಚಲಿಗೆ ಮಾರುವ ಆ್ಯಸಿಡ್ ಅಂದರೆ ಹೆಚ್ಚಾಗಿ ಹೈಡ್ರೋಕ್ಲೋರಿಕ್ ಆ್ಯಸಿಡ್. ಅದು ಬಿದ್ದ ಕೂಡಲೇ ಬುಸುಬುಸು ನೊರೆ ಏಳುತ್ತದೆ. ನೋಡಿದವರು ಕೊಳೆ ಕಿತ್ತು ಬರುತ್ತಿದೆ ಅಂದುಕೊಳ್ಳುತ್ತಾರೆ, ಆದರೆ ಅಲ್ಲಿ ಕಲ್ಲೇ ಕರಗಿ ಇಂಗಾಲದ ಡೈಆಕ್ಸೈಡ್ ಹೊರಬರುತ್ತಿರುತ್ತದೆ. ನಮ್ಮ ಕಡೆ ಬೋರ್ ನೀರು ಗಡಸು. ನಲ್ಲಿ, ಟೈಲ್ಸ್ ಮೇಲೆ ಕೂರುವ ಬಿಳಿ ಪದರವೂ ಬಹುಪಾಲು ಸುಣ್ಣವೇ. ಬಚ್ಚಲಿನಲ್ಲಿ ಆ್ಯಸಿಡ್ ಅಷ್ಟು ಚೆನ್ನಾಗಿ ಕೆಲಸ ಮಾಡುವುದು ಅದಕ್ಕೇ, ಹಾಲ್‌ನ ಪರಸಿಯನ್ನು ತಿನ್ನುವುದೂ ಅದಕ್ಕೇ. ಕರೆ ಯಾವುದು, ಕಲ್ಲು ಯಾವುದು ಅಂತ ಆ್ಯಸಿಡ್‌ಗೆ ಗೊತ್ತಾಗುವುದಿಲ್ಲ. ಇಳಕಲ್ ಗ್ರಾನೈಟ್ ಇಷ್ಟು ಸುಲಭಕ್ಕೆ ಜಗ್ಗದು, ಆದರೆ ಅದರ ಸಂದಿಗೆ ತುಂಬಿದ ಸಿಮೆಂಟ್ ಜಗ್ಗುತ್ತದೆ.

ಹಾನಿ ಹಾಲ್‌ಗೇ ನಿಲ್ಲಲಿಲ್ಲ. ಬಚ್ಚಲಿನ ಕಿಟಕಿ ಮುಚ್ಚಿಯೇ ಕೆಲಸ ಮಾಡಿದ್ದರಿಂದ ಆ್ಯಸಿಡ್ ಹೊಗೆ ನಲ್ಲಿಗಳ ಕ್ರೋಮ್ ಮೇಲೂ ಬಾಗಿಲ ಕಬ್ಜಾಗಳ (ಹಿಂಜ್) ಮೇಲೂ ಕೂತು, ವಾರದೊಳಗೆ ತುಕ್ಕಿನ ಚುಕ್ಕೆ ಎದ್ದವು. ಟೈಲ್ಸ್ ಸಂದಿಯ ಸಿಮೆಂಟ್ ಮಣ್ಣಿನಂತೆ ಉದುರತೊಡಗಿತು. ಸಂದಿ ಸಡಿಲಾದರೆ ನೀರು ಕೆಳಗಿಳಿದು ಪಕ್ಕದ ಗೋಡೆಗೆ ತೇವ ಬರುವುದು ಬರೀ ತಿಂಗಳುಗಳ ಮಾತು. ಅದೇ ಹುಡುಗರು ಕಮೋಡಿಗೆ ಆ್ಯಸಿಡ್ ಹಾಕಿ ತೊಳೆಯದೇ ಮೇಲೆ ಬ್ಲೀಚಿಂಗ್ ಪೌಡರ್ ಉದುರಿಸಿದ್ದರು. ಇವೆರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಣ್ಣು ಉರಿದು, ಕೆಮ್ಮು ತಡೆಯದೆ ಹೊರಗೆ ಓಡಿದ್ದು ಪುಣ್ಯ. ಮುಚ್ಚಿದ ಸಣ್ಣ ಕೋಣೆಯಲ್ಲಿ ಅದು ಜೀವಕ್ಕೇ ಕುತ್ತು.

ಇಷ್ಟಾದ ಮೇಲೆ ಮಾಲೀಕರು ಪಾಲಿಶ್ ಖರ್ಚನ್ನು ಹಳೇ ಬಾಡಿಗೆದಾರರ ಅಡ್ವಾನ್ಸ್‌ನಲ್ಲಿ ಹಿಡಿದರು. ಬಾಡಿಗೆದಾರರ ಹತ್ತಿರ ಕೀಲಿ ಕೊಟ್ಟ ದಿನದ ಫೋಟೋ ಇತ್ತು, ಅದರಲ್ಲಿ ನೆಲ ಹೊಳೆಯುತ್ತಿತ್ತು. ಏಜೆಂಟ್ ನಡುವೆ ಸಿಕ್ಕಿಬಿದ್ದರು, ಹಣ ಮರಳಿಸಬೇಕಾಯಿತು. ಕ್ಲೀನಿಂಗ್‌ನವರು ಫೋನ್ ಎತ್ತಲಿಲ್ಲ, ರಸೀದಿಯೂ ಇರಲಿಲ್ಲ. ಹಾಗಾಗಿ ಕೀಲಿ ತೆಗೆದುಕೊಳ್ಳುವಾಗಲೇ, ಕ್ಲೀನಿಂಗ್‌ನವರು ಕಾಲಿಡುವ ಮೊದಲೇ, ಬಾಡಿಗೆದಾರರ ಎದುರಿಗೇ ಫೋಟೋ ತೆಗೆಯಿರಿ. ನೆಲವನ್ನು ನೇರ ಮೇಲಿಂದ ತೆಗೆದರೆ ಏನೂ ಕಾಣದು. ಬಾಗಿಲ ಬೆಳಕಿಗೆ ಎದುರಾಗಿ ಬಗ್ಗಿ, ಓರೆಯಾಗಿ ತೆಗೆದರೆ ಮಾತ್ರ ಹೊಳಪೂ ಗೀರೂ ಗೊತ್ತಾಗುತ್ತವೆ.

ಯಾವ ಕಲ್ಲು ಎಂಬ ಅನುಮಾನ ಇದ್ದರೆ ಬಾಗಿಲ ಹಿಂದಿನ ಮೂಲೆಯಲ್ಲಿ ನಾಲ್ಕು ಹನಿ ಲಿಂಬಿ ರಸ ಬಿಡಿ. ಐದು ನಿಮಿಷ ಬಿಟ್ಟು ಒರೆಸಿ. ಮಂಕು ಕಲೆ ಉಳಿದರೆ ಆ ನೆಲಕ್ಕೆ ಆ್ಯಸಿಡ್, ವಿನೆಗರ್, ಲಿಂಬಿ ಉಪ್ಪು (ಸಿಟ್ರಿಕ್ ಆ್ಯಸಿಡ್) ಯಾವುದೂ ಬೇಡ. ಒಂದು ಬಕೆಟ್ ನೀರಿಗೆ ಒಂದೆರಡು ಚಮಚ ಶಾಂಪೂ ಸಾಕು, ಆಮೇಲೆ ಎರಡು ಸಲ ಬರೀ ನೀರಿನಲ್ಲಿ ಒರೆಸಬೇಕು. ಒಲೆ ಪಕ್ಕದ ಕಡಪಾಕ್ಕೆ ಎಣ್ಣೆ ಇಳಿದಿದ್ದರೆ ಮುಲ್ತಾನಿ ಮಿಟ್ಟಿಯನ್ನು ವಾಷಿಂಗ್ ಸೋಡಾ ನೀರಿನಲ್ಲಿ ಕಲಸಿ ಅರ್ಧ ಬೆರಳು ದಪ್ಪ ಮೆತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ಒಂದು ರಾತ್ರಿ ಬಿಡಿ. ಮರುದಿನ ಹಾಳೆ ತೆಗೆದು ಪೂರ್ತಿ ಒಣಗಲು ಬಿಡಿ, ಒಣಗುವಾಗಲೇ ಎಣ್ಣೆ ಮೇಲೆ ಬರುವುದು. ಹಳೇ ಕಲೆಗೆ ಎರಡು ಮೂರು ಸಲ ಬೇಕಾಗುತ್ತದೆ.

ನಲ್ಲಿಯ ಬಿಳಿ ಕರೆಗೆ ಒಂದು ಲೀಟರ್ ಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ ಲಿಂಬಿ ಉಪ್ಪು. ಬಟ್ಟೆ ನೆನೆಸಿ ಸುತ್ತಿ, ಕಾಲು ಗಂಟೆಗೆ ಬಿಚ್ಚಿ ತೊಳೆಯಬೇಕು, ರಾತ್ರಿಯಿಡೀ ಬಿಡಬಾರದು. ಟೈಲ್ಸ್‌ಗೂ ಇದೇ ನೀರು, ಆದರೆ ಮೊದಲು ಗೋಡೆಗೆ ಚೆನ್ನಾಗಿ ನೀರು ಹೊಡೆಯಿರಿ. ನೆನೆದ ಸಂದಿ ಹುಳಿಯನ್ನು ಕಡಿಮೆ ಹೀರುತ್ತದೆ. ಅಡಿಗೆ ಮನೆ ಗೋಡೆಗೆ ಡಿಸ್ಟೆಂಪರ್ ಬಳಿದಿದ್ದರೆ ಒದ್ದೆ ಬಟ್ಟೆ ಹಚ್ಚಲೇಬೇಡಿ, ರೊಟ್ಟಿ ಹೊಗೆಯ ಜೊತೆ ಬಣ್ಣವೂ ಬರುತ್ತದೆ. ಅಂಥ ಗೋಡೆಗೆ ಮತ್ತೆ ಬಣ್ಣವೇ ಗತಿ.

ಈಗಾಗಲೇ ಆ್ಯಸಿಡ್ ಬಿದ್ದಿದ್ದರೆ ಮೊದಲು ಧಾರಾಳ ನೀರು, ಆಮೇಲೆ ಅಡಿಗೆ ಸೋಡಾ ಕಲಸಿದ ನೀರು, ಮತ್ತೆ ನೀರು. ಹೋದ ಹೊಳಪು ಇದರಿಂದ ಬರುವುದಿಲ್ಲ, ತಿನ್ನುವುದು ಮಾತ್ರ ನಿಲ್ಲುತ್ತದೆ. ಮೇಣ, ಎಣ್ಣೆ ಹಚ್ಚಿ ಮುಚ್ಚುವವರನ್ನು ನಂಬಬೇಡಿ. ಮಷಿನ್ ಪಾಲಿಶ್‌ನವರಿಗೆ ತೋರಿಸಿ. ತೆಳು ಮಂಕು ಇದ್ದರೆ 220ನೇ ನಂಬರಿನ ಉಜ್ಜುವ ಕಲ್ಲಿನಿಂದ (ನಂಬರ್ ಹೆಚ್ಚಿದಷ್ಟೂ ಕಲ್ಲು ನಯ) ಮೇಲಕ್ಕೆ ಹೋದರೆ ಸಾಕಾಗಬಹುದು, ಕೈಗೆ ತಗ್ಗು ಸಿಗುವಂತಿದ್ದರೆ 60ರಿಂದಲೇ ಉಜ್ಜಬೇಕು. ಪಾಲಿಶ್ ರಾಡಿ ಗೋಡೆಗೆ ಸಿಡಿಯುತ್ತದೆ, ಆದ್ದರಿಂದ ಪಾಲಿಶ್ ಮೊದಲು, ಬಣ್ಣ ಆಮೇಲೆ, ಕ್ಲೀನಿಂಗ್ ಕೊನೆಗೆ. ಆ ರಾಡಿಯನ್ನು ಮೋರಿಗೆ ಬಿಡದೆ ಬಕೆಟ್‌ಗೆ ತುಂಬಿಸಿ ಹೊರಗೆ ಹಾಕಿಸಿ. ಬಚ್ಚಲ ನೆಲದ ಜಾಲರಿಯ ಕೆಳಗೆ ನೀರು ಹೋಗುವ ನಹಾನಿ ಟ್ರ್ಯಾಪ್‌ನಲ್ಲಿ ಕೂತರೆ ಗಟ್ಟಿಯಾಗಿ, ಹೊಸ ಬಾಡಿಗೆದಾರರು ಮೊದಲ ದಿನ ಸ್ನಾನಕ್ಕೆ ನಿಂತಾಗ ನೀರು ಹಾಲ್‌ಗೆ ಬರುತ್ತದೆ.