ಹದಿನಾಲ್ಕು ಕುಳಿಯ ಅಳಗುಳಿ ಮಣೆ: ದೀರ್ಘ ಬಳಕೆಯ ನಂತರದ ಅಭಿಪ್ರಾಯ

ಕೊರೊನಾ ಬರುವುದಕ್ಕೆ ಮೊದಲು ಮೈಸೂರಿನ ಕರಕುಶಲ ವಸ್ತುಗಳ ಅಂಗಡಿಯೊಂದರಲ್ಲಿ ಕೊಂಡ, ನಡುವೆ ಮಡಚಬಹುದಾದ ಮರದ ಅಳಗುಳಿ ಮಣೆಯ ಕುರಿತು ಈ ವಿಮರ್ಶೆ. ಅದನ್ನು ತುಂಬಿಕೊಟ್ಟ ಪೆಟ್ಟಿಗೆಯ ಮೇಲೆ ‘ನೆನಪಿನ ಶಕ್ತಿ, ಏಕಾಗ್ರತೆ ಮತ್ತು ಲೆಕ್ಕದ ಚುರುಕನ್ನು ಹೆಚ್ಚಿಸುವ ಪಾರಂಪರಿಕ ಆಟ’ ಎಂದು ಅಚ್ಚಾಗಿತ್ತು. ಆಗಷ್ಟೇ ಕೆಲಸದಿಂದ ನಿವೃತ್ತನಾಗಿದ್ದ ನನಗೆ ಆ ಸಾಲು ಸಾಕಷ್ಟು ಆಕರ್ಷಕವಾಗಿ ಕಂಡಿತೆಂಬುದನ್ನು ಮುಚ್ಚಿಡುವುದಿಲ್ಲ. ಆದ್ದರಿಂದ ಮಣೆ ಹೇಗೆ ಬಾಳಿಕೆ ಬಂತು ಎಂಬುದರ ಜೊತೆಗೆ, ಪೆಟ್ಟಿಗೆಯ ಮೇಲಿನ ಆ ಮಾತು ಎಷ್ಟು ನಿಜ ಎಂಬುದನ್ನೂ ಇಲ್ಲಿ ನೋಡಬೇಕಾಗಿದೆ.

ಮಣೆಯ ವಿಚಾರವನ್ನು ಬೇಗ ಮುಗಿಸಬಹುದು. ಮರ ಗಟ್ಟಿಯಾಗಿದೆ, ಇಷ್ಟು ವರ್ಷಗಳಲ್ಲಿ ಬಿರುಕು ಬಿಟ್ಟಿಲ್ಲ, ಹುಳು ಹಿಡಿದಿಲ್ಲ. ಆದರೆ ಮಡಚುವ ಕೀಲಿನ ಮೊಳೆಗಳು ಎರಡನೆಯ ವರ್ಷವೇ ಸಡಿಲಗೊಂಡು, ಬಡಗಿಯಿಂದ ಉದ್ದನೆಯ ಸ್ಕ್ರೂ ಹಾಕಿಸಬೇಕಾಯಿತು. ಮಳೆಗಾಲದಲ್ಲಿ ಪಾಲಿಶ್ ಕೈಗೆ ಅಂಟುತ್ತಿತ್ತು. ಕ್ರಮೇಣ ಅದು ತಾನಾಗಿಯೇ ಸವೆದುಹೋಗಿ, ಈಗ ಕುಳಿಗಳ ಒಳಮೈ ಹೊಸದಾಗಿದ್ದಾಗಿನದಕ್ಕಿಂತ ನುಣುಪಾಗಿದೆ. ನಿಜವಾದ ಕೊರತೆಯೆಂದರೆ ಕುಳಿಗಳ ಆಳ. ಒಂದೇ ಕುಳಿಯಲ್ಲಿ ಹನ್ನೆರಡು ಹದಿಮೂರು ಹುಣಸೆ ಬೀಜ ಸೇರಿದರೆ ಮೇಲಿನವು ಪಕ್ಕದ ಕುಳಿಗೆ ಜಾರುತ್ತವೆ, ಜಾರಿದ ಬೀಜ ಯಾರ ಲೆಕ್ಕಕ್ಕೆ ಎಂಬ ತಕರಾರು ಹುಟ್ಟುತ್ತದೆ. ಅಲಂಕಾರಕ್ಕೆಂದು ಮಾಡಿದ ಮಣೆಗಳಲ್ಲಿ ಈ ದೋಷ ಸಾಮಾನ್ಯ. ಆಡುವುದಕ್ಕೆಂದು ಮಾಡಿದ ಹಳೆಯ ಮಣೆಗಳ ಕುಳಿಯಲ್ಲಿ ಮುಷ್ಟಿ ಬೀಜ ನಿಲ್ಲುತ್ತದೆ.

ಆಟವನ್ನು ಅರಿಯದವರಿಗಾಗಿ ನಾವು ಆಡುವ ಕ್ರಮವನ್ನು ಹೇಳಿಬಿಡುತ್ತೇನೆ. ಊರಿಂದ ಊರಿಗೆ ಇದು ಬದಲಾಗುತ್ತದೆ. ಎರಡು ಸಾಲು, ಸಾಲಿಗೆ ಏಳು ಕುಳಿ, ಪ್ರತಿ ಕುಳಿಗೆ ಐದು ಬೀಜ. ತನ್ನ ಸಾಲಿನ ಯಾವುದಾದರೂ ಕುಳಿಯ ಬೀಜಗಳನ್ನೆಲ್ಲ ಎತ್ತಿಕೊಂಡು ಮುಂದಿನ ಕುಳಿಗಳಿಗೆ ಒಂದೊಂದಾಗಿ ಹಾಕುತ್ತ ಹೋಗಬೇಕು. ಕೈಯಲ್ಲಿರುವುದು ಮುಗಿದಾಗ ಅದರ ಮುಂದಿನ ಕುಳಿಯದನ್ನು ಎತ್ತಿ ಮತ್ತೆ ಮುಂದುವರಿಯಬೇಕು. ಹಾಗೆ ಎತ್ತಹೋದ ಕುಳಿ ಬರಿದಾಗಿದ್ದರೆ ಅದನ್ನು ಬೆರಳಿನಿಂದ ಸವರಿ, ಅದರಾಚೆಯ ಕುಳಿಯಲ್ಲಿರುವುದನ್ನು ಗೆದ್ದುಕೊಳ್ಳಬೇಕು. ಅಲ್ಲಿಗೆ ಸರದಿ ಎದುರಾಳಿಯದು. ಎರಡು ಕುಳಿ ಸಾಲಾಗಿ ಬರಿದಾಗಿದ್ದರೆ ಗಳಿಕೆಯೇ ಇಲ್ಲ. ಆಡುತ್ತಿರುವಾಗ ಯಾವ ಕುಳಿಯಲ್ಲಾದರೂ ನಾಲ್ಕು ಬೀಜ ಕೂಡಿದರೆ ಆ ಸಾಲಿನವರು ಅದನ್ನು ಎತ್ತಿಟ್ಟುಕೊಳ್ಳುತ್ತಾರೆ. ಮಣೆ ಖಾಲಿಯಾದ ಮೇಲೆ ಕಡಿಮೆ ಗೆದ್ದವರು ತಮ್ಮಲ್ಲಿರುವ ಬೀಜದಿಂದ ಎಷ್ಟು ಕುಳಿ ತುಂಬುತ್ತವೆಯೋ ಅಷ್ಟನ್ನೇ ತುಂಬಿ, ಉಳಿದವನ್ನು ಮುಚ್ಚಿ ಮುಂದಿನ ಆಟ ಆರಂಭಿಸುತ್ತಾರೆ.

ದಾಳವಿಲ್ಲ, ಅದೃಷ್ಟವಿಲ್ಲ, ಎಲ್ಲ ಬೀಜಗಳೂ ಇಬ್ಬರ ಕಣ್ಣೆದುರಿಗೇ ಇರುತ್ತವೆ. ಆದರೂ ನಡೆಯ ಕೊನೆಯನ್ನು ಮೊದಲೇ ಕಾಣುವುದು ಕಷ್ಟ, ಏಕೆಂದರೆ ಒಂದೇ ನಡೆಯೊಳಗೆ ಹಲವು ಸಲ ಎತ್ತಿ ಹಾಕುವುದರಿಂದ ಮಣೆಯ ಸ್ಥಿತಿ ಕೈ ಆಡುತ್ತಿರುವಾಗಲೇ ಬದಲಾಗುತ್ತಿರುತ್ತದೆ. ಮನಸ್ಸಿನಲ್ಲೇ ಇಷ್ಟನ್ನೂ ಹಿಡಿದಿಟ್ಟುಕೊಂಡು ಲೆಕ್ಕ ಹಾಕುವುದೇ ಇಲ್ಲಿನ ಅಭ್ಯಾಸ. ಉದಾಹರಣೆಗೆ, ಐದೈದು ಬೀಜದ ಆಟದ ಮೊದಲ ನಡೆಯನ್ನು ಯಾವ ಕುಳಿಯಿಂದ ತೊಡಗಿದರೂ ಒಟ್ಟು ಐದು ಸಲ ಎತ್ತಿ ಹಾಕಿದ ಮೇಲೆ ನಿಖರವಾಗಿ ಏಳು ಬೀಜ ಸಿಗುತ್ತವೆ. ಹದಿನಾಲ್ಕು ಕುಳಿಗಳೂ ಒಂದೇ ಸಮನಾಗಿ ಸುತ್ತುಗಟ್ಟಿರುವುದರಿಂದ ಎಲ್ಲಿಂದ ಹೊರಟರೂ ದಾರಿ ಒಂದೇ. ಹಾಗಾದರೆ ಆಯ್ಕೆಗೆ ಅರ್ಥವೇನು ಎಂದು ಮೊದಮೊದಲು ಅನಿಸುತ್ತದೆ. ಗಳಿಕೆ ಒಂದೇ ಆದರೂ ಬರಿದಾದ ಕುಳಿಗಳು ಯಾರ ಸಾಲಿನಲ್ಲಿ, ಎಲ್ಲಿ ಉಳಿಯುತ್ತವೆ ಎಂಬುದು ಬೇರೆ ಬೇರೆ. ಎದುರಾಳಿಯ ಉತ್ತರ ಅದನ್ನೇ ಅವಲಂಬಿಸಿದೆ. ಇದು ಹೊಳೆಯುವುದಕ್ಕೆ ನನಗೆ ಬಹಳ ಕಾಲ ಬೇಕಾಯಿತು, ಹೊಳೆದ ದಿನ ಮಾತ್ರ ನಿಜಕ್ಕೂ ಸಂತೋಷವಾಯಿತು.

ಒಂದೆರಡು ವರ್ಷಗಳಲ್ಲಿ ಆ ಸಂತೋಷ ತಗ್ಗಿತು. ಆರಂಭದ ನಡೆಗಳೆಲ್ಲ ಬಾಯಿಪಾಠವಾಗಿ, ಕೈ ತನ್ನಷ್ಟಕ್ಕೆ ಆಡುತ್ತಿತ್ತು, ಬಾಯಿ ಮನೆಯ ಸಮಾಚಾರ ಮಾತನಾಡುತ್ತಿತ್ತು. ಬಂಟ್ವಾಳದ ಕಡೆಯವರಾದ ಪಕ್ಕದ ಮನೆಯ ಹಿರಿಯ ಮಹಿಳೆಯೊಬ್ಬರು ಒಂದು ದಿನ ನಮ್ಮ ಆಟವನ್ನು ನೋಡಿ, ‘ನಮ್ಮಲ್ಲಿ ಚೆನ್ನೆಗೆ ನಾಲ್ಕೇ ಕಾಯಿ ಹಾಕುವುದು, ಒಮ್ಮೆ ಹಾಗೆ ಆಡಿ ನೋಡಿ’ ಎಂದರು. ಚೆನ್ನೆಯೆಂದರೆ ಇದೇ ಆಟದ ತುಳುನಾಡಿನ ರೂಪ. ಒಂದು ಬೀಜ ಕಡಿಮೆಯಾದದ್ದಷ್ಟೇ. ನಾನು ಕಂಠಪಾಠ ಮಾಡಿದ್ದೆಲ್ಲವೂ ಕೆಲಸಕ್ಕೆ ಬಾರದಂತಾಯಿತು. ನಮ್ಮ ನಿಯಮವನ್ನೇ ಇಟ್ಟುಕೊಂಡು ನಾಲ್ಕು ಬೀಜದಿಂದ ಆಡಿದರೆ ಮೊದಲ ನಡೆ ಏಳು ಸಲ ಎತ್ತಿ ಹಾಕುವಷ್ಟು ಉದ್ದವಾಗುತ್ತದೆ, ಸಿಗುವುದು ಆರು ಬೀಜ. ಮತ್ತೆ ಬೆರಳು ಮಡಚಿ ಎಣಿಸುವ ಸ್ಥಿತಿಗೆ ಬಂದೆ. ಅಂದಿನಿಂದ ಪ್ರತಿ ಆಷಾಢಕ್ಕೆ ನಿಯಮ ಬದಲಿಸುವುದನ್ನು ರೂಢಿ ಮಾಡಿಕೊಂಡಿದ್ದೇನೆ. ತುಳುನಾಡಿನಲ್ಲಿ ಚೆನ್ನೆ ಆಟಿ ತಿಂಗಳಿನ ಆಟ, ಅಂದರೆ ಹೊರಗಿನ ಕೆಲಸ ನಿಂತು ಮನೆಯೊಳಗೆ ಕೂರಬೇಕಾದ ಮಳೆಯ ಕಾಲದ್ದು; ಆ ನೆಪವೂ ಇದಕ್ಕೆ ಒದಗಿತು. ಸಿರಿ ಎಂಬವಳ ಕಥೆ ಹೇಳುವ ಪಾಡ್ದನದಲ್ಲಿ, ಅಂದರೆ ತುಳು ಜನಪದ ಕಥನಗೀತೆಯಲ್ಲಿ, ಅವಳಿಗಳಾದ ಅಬ್ಬಗ ಮತ್ತು ದಾರಗ ಚೆನ್ನೆಯಾಡುತ್ತಲೇ ಜಗಳವಾಡಿ ದುರಂತ ಕಂಡರೆಂಬುದನ್ನೂ ಆ ಹಿರಿಯರು ಹೇಳಿದರು. ಸೋತಾಗ ಮುನಿಸಿಕೊಳ್ಳುವ ನನ್ನ ತಮ್ಮನಿಗೆ ಆ ಕಥೆಯನ್ನು ಆಗಾಗ ನೆನಪಿಸುತ್ತಿರುತ್ತೇನೆ.

ಇನ್ನು ಪೆಟ್ಟಿಗೆಯ ಮೇಲಿನ ಮಾತು. ಲೆಕ್ಕದ ಚುರುಕಿನ ವಿಷಯದಲ್ಲಿ ಅದು ಸುಳ್ಳಲ್ಲ: ಕುಳಿಯಲ್ಲಿರುವ ಬೀಜಗಳನ್ನು ಎಣಿಸದೆ ಒಂದೇ ನೋಟಕ್ಕೆ ಗುರುತಿಸುವುದು, ಮೂರು ನಾಲ್ಕು ಹಂತ ಮುಂದೆ ನೋಡುವುದು ಈಗ ನನಗೆ ಸಾಧ್ಯವಾಗಿದೆ. ನೆನಪಿನ ಶಕ್ತಿಯ ಬಗ್ಗೆ ಹಾಗೆ ಹೇಳಲಾರೆ. ಕನ್ನಡಕ ಎಲ್ಲಿಟ್ಟೆನೆಂಬುದು ಇಂದಿಗೂ ಮರೆಯುತ್ತದೆ, ಮದುವೆ ಮನೆಯಲ್ಲಿ ಎದುರಾದವರ ಹೆಸರು ಇಂದಿಗೂ ನಾಲಿಗೆಗೆ ಬರುವುದಿಲ್ಲ. ಇದು ನನ್ನೊಬ್ಬನ ಕಥೆಯಲ್ಲ. ಅಮೆರಿಕದಲ್ಲಿ 65 ದಾಟಿದ 2,832 ಮಂದಿಯ ಮೇಲೆ ನಡೆದ ‘ಆ್ಯಕ್ಟಿವ್’ ಎಂಬ ಅಧ್ಯಯನದಲ್ಲಿ ಒಂದು ಗುಂಪಿಗೆ ಸ್ಮರಣೆಯ, ಇನ್ನೊಂದಕ್ಕೆ ತರ್ಕದ, ಮತ್ತೊಂದಕ್ಕೆ ವೇಗವಾಗಿ ಗ್ರಹಿಸುವ ತರಬೇತಿ ಕೊಟ್ಟರು. 2002ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಯಾರು ಯಾವುದನ್ನು ಅಭ್ಯಾಸ ಮಾಡಿದರೋ ಅದರಲ್ಲೇ ಅವರು ಸುಧಾರಿಸಿದ್ದರು. ಹತ್ತು ವರ್ಷಗಳ ನಂತರ ಪರೀಕ್ಷಿಸಿದಾಗ ತರ್ಕದ ಮತ್ತು ವೇಗದ ಗಳಿಕೆ ಉಳಿದಿತ್ತು, ಸ್ಮರಣೆಯದು ಉಳಿದಿರಲಿಲ್ಲ.

ಮಣೆಯ ಆಟಗಳ ಪರವಾದ ಸಾಕ್ಷ್ಯವೂ ಉಂಟು. 2003ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪ್ರಕಟಿಸಿದ, 75 ದಾಟಿದ 469 ಮಂದಿಯನ್ನು ಐದು ವರ್ಷಗಳಷ್ಟು ಕಾಲ ಗಮನಿಸಿದ ಅಧ್ಯಯನದಲ್ಲಿ, ಓದು, ಮಣೆಯಾಟ, ವಾದ್ಯ ನುಡಿಸುವುದು, ನೃತ್ಯ ಇವುಗಳಲ್ಲಿ ತೊಡಗಿದವರಿಗೆ ಮರೆಗುಳಿತನದ ರೋಗ ಬರುವ ಸಾಧ್ಯತೆ ಕಡಿಮೆ ಎಂದು ಕಂಡುಬಂದಿತು. ಆದರೆ ಅದು ಸಂಬಂಧವನ್ನಷ್ಟೇ ತೋರಿಸುತ್ತದೆ; ಮರೆವು ಆಗಲೇ ಒಳಗೊಳಗೆ ಶುರುವಾದವರು ಆಟದಿಂದ ತಾವಾಗಿ ಹಿಂದೆ ಸರಿದಿರಬಹುದಲ್ಲ! ಈ ವಿವೇಚನೆಯಿಲ್ಲದೆ ಮಾರಾಟಕ್ಕಿಳಿಯುವವರು ಬಹಳ. ಮೆದುಳಿನ ವ್ಯಾಯಾಮದ ಆಟಗಳನ್ನು ಮಾರುತ್ತಿದ್ದ ಲುಮೋಸ್ ಲ್ಯಾಬ್ಸ್ ಕಂಪನಿಯು ತನ್ನ ಜಾಹೀರಾತುಗಳಲ್ಲಿ ಆಧಾರವಿಲ್ಲದ ಭರವಸೆ ನೀಡಿತೆಂಬ ಆರೋಪದ ಮೇಲೆ 2016ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಜೊತೆ ರಾಜಿಗೆ ಬಂದು 20 ಲಕ್ಷ ಡಾಲರ್ ಕಟ್ಟಲು ಒಪ್ಪಿತು. ನಮ್ಮ ಮರದ ಮಣೆಗಳ ಪೆಟ್ಟಿಗೆಯ ಮೇಲಿನ ಸಾಲನ್ನು ಯಾರೂ ಪ್ರಶ್ನಿಸುವುದಿಲ್ಲ, ಪಾರಂಪರಿಕ ಎಂಬ ಪದವೇ ಅದಕ್ಕೆ ರಕ್ಷೆ.

ಇದೇ ಆಟದ ಮೊಬೈಲ್ ರೂಪಗಳನ್ನೂ ಕೆಲವು ಕಾಲ ಬಳಸಿ ನೋಡಿದೆ. ಬೀಜಗಳನ್ನು ಯಂತ್ರವೇ ಹಂಚುತ್ತದೆ, ಪ್ರತಿ ಕುಳಿಯ ಸಂಖ್ಯೆಯನ್ನು ಪಕ್ಕದಲ್ಲೇ ತೋರಿಸುತ್ತದೆ. ಅಂದರೆ, ನಾನು ಯಾವ ಕೆಲಸಕ್ಕಾಗಿ ಈ ಆಟಕ್ಕೆ ಕೂತೆನೋ ಅದನ್ನು ಫೋನು ಮಾಡಿಕೊಡುತ್ತದೆ. ಮಣೆಯ ಮುಂದೆ ಕೂತಾಗ ಎಣಿಕೆ ನನ್ನದೇ, ಎದುರಾಳಿಯ ಕೈಚಳಕದ ಮೇಲೆ ಕಣ್ಣಿಡುವುದೂ ನನ್ನದೇ. ಅದಕ್ಕಿಂತ ಹೆಚ್ಚಾಗಿ, ಈ ಮಣೆಗೆ ಇನ್ನೊಬ್ಬರು ಬೇಕೇ ಬೇಕು. ಸಂಜೆಯ ಹೊತ್ತು ಯಾರಾದರೂ ಬಂದು ಎದುರು ಕೂರುವುದರಿಂದ ನನಗಾದ ಲಾಭ ಬೀಜ ಎಣಿಸಿದ್ದರಿಂದಾದ ಲಾಭಕ್ಕಿಂತ ದೊಡ್ಡದೆಂಬುದು ನನ್ನ ಗುಮಾನಿ. ಒಬ್ಬರೇ ಇರುವವರು, ಆಡಲು ಜೊತೆ ಸಿಗದವರು ಈ ಮಣೆಯನ್ನು ಕೊಳ್ಳದಿರುವುದೇ ಲೇಸು. ಅಂಥವರಿಗೆ ಪತ್ರಿಕೆಯ ಪದಬಂಧ ಹೆಚ್ಚು ಒದಗುತ್ತದೆ.

ಕೊಳ್ಳುವವರು ಮಡಚುವ ಮಾದರಿಯನ್ನು ಬಿಟ್ಟು ಒಂದೇ ಹಲಗೆಯದನ್ನು ಆರಿಸಿ, ಕುಳಿಯಲ್ಲಿ ಹದಿನೈದು ಹುಣಸೆ ಬೀಜ ನಿಲ್ಲುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಲಿ. ಮಣೆಯ ಜೊತೆ ಗುಲಗಂಜಿ ಕೊಟ್ಟರೆ ಮಕ್ಕಳಿರುವ ಮನೆಗೆ ತರಬಾರದು. ಅಗಿದು ನುಂಗಿದರೆ ಅದರ ವಿಷ ಪ್ರಾಣಕ್ಕೇ ಎರವಾಗಬಲ್ಲದು. ತೊಳೆದು ಒಣಗಿಸಿದ ಹುಣಸೆ ಬೀಜ ಅಥವಾ ಕವಡೆ ಸಾಕು, ಆದರೆ ತೀರ ಸಣ್ಣ ಮಕ್ಕಳ ಕೈಗೆ ಇವೂ ಸಿಗದಂತೆ ಎತ್ತಿಡಬೇಕು. ಎಪ್ಪತ್ತು ಬೀಜದ ಆಟಕ್ಕೆ ಎಂಬತ್ತನ್ನಾದರೂ ಡಬ್ಬಿಯಲ್ಲಿಟ್ಟಿರಿ, ಸೋಫಾದ ಸಂದಿಗೆ ಹೋದವು ಮರಳಿ ಬರುವುದಿಲ್ಲ.