ಎಂಡೋಸ್ಕೋಪಿಗೆ ಗಂಟಲಿನ ಸ್ಪ್ರೇ ಸಾಕಾ, ಮಂಪರಿನ ಇಂಜೆಕ್ಷನ್ ಬೇಕಾ?

ಹೊಟ್ಟೆಯ ಎಂಡೋಸ್ಕೋಪಿ, ಅಂದರೆ ಬಾಯಿಂದ ಕ್ಯಾಮೆರಾ ಪೈಪ್ ಇಳಿಸಿ ಹೊಟ್ಟೆ ನೋಡುವುದು, ಸಾಮಾನ್ಯವಾಗಿ 5ರಿಂದ 10 ನಿಮಿಷದ ಕೆಲಸ. ಗಂಟಲಿಗೆ ಜೋಮು ಹಿಡಿಸುವ ಲಿಡೋಕೇನ್ ಸ್ಪ್ರೇ ಹೊಡೆಸಿಕೊಂಡರೆ ಎಚ್ಚರವಾಗಿಯೇ ಇರುತ್ತೀರಿ. ಪೈಪ್ ಇಳಿಯುವಾಗ ಓಕರಿಕೆ ಬರುತ್ತದೆ, ನೋವೇನೂ ಅಷ್ಟಿಲ್ಲ. ಜೋಮು ಬಿಟ್ಟ ಮೇಲೆ ನೀರು ಕುಡಿದು ಒಬ್ಬರೇ ಮನೆಗೆ ಹೋಗಬಹುದು. ಖರ್ಚೂ ಕಡಿಮೆ.

ಇಂಜೆಕ್ಷನ್‌ನಲ್ಲಿ ಮಿಡಜೋಲಾಮ್ ಕೊಟ್ಟರೆ ಬರೀ ಮಂಪರು. ಕರೆದರೆ ಓಗೊಡುತ್ತೀರಿ, ಆಮೇಲೆ ಹೆಚ್ಚೇನೂ ನೆನಪಿರುವುದಿಲ್ಲ. ಪ್ರೊಪೊಫಾಲ್ ಬೇರೆ ತರಹ. ಹಾಲಿನಂತೆ ಬೆಳ್ಳಗಿರುವ ಔಷಧಿ. ರಕ್ತನಾಳಕ್ಕೆ ಹೋಗುವಾಗ ಕೈ ಉರಿಯಬಹುದು, ಸುಮಾರು ಒಂದು ನಿಮಿಷದಲ್ಲಿ ನಿದ್ದೆ ಬರುತ್ತದೆ. ನಿಲ್ಲಿಸಿದ ಕೆಲವೇ ನಿಮಿಷಕ್ಕೆ ಎಚ್ಚರ. ಆದರೆ ಇದರಲ್ಲಿ ಉಸಿರಾಟ ನಿಧಾನವಾಗಬಹುದು. ಅದಕ್ಕೇ ಬೆರಳಿಗೆ ಆಕ್ಸಿಮೀಟರ್, ಮೂಗಿಗೆ ಆಕ್ಸಿಜನ್. ಅರಿವಳಿಕೆ ಡಾಕ್ಟರ್ ಪಕ್ಕದಲ್ಲೇ ಇರ್ತಾರಾ ಅಂತ ಕೇಳಿ, ಸಂಕೋಚ ಬೇಡ. ಅದು ನಿಮ್ಮ ಹಕ್ಕು ಅಲ್ವಾ?

ಗೊರಕೆ ಜಾಸ್ತಿ ಇದ್ದರೆ, ಶ್ವಾಸಕೋಶದ ತೊಂದರೆ ಇದ್ದರೆ, ಸೆಮಾಗ್ಲುಟೈಡ್‌ನಂಥ (ಸಕ್ಕರೆ ಕಾಯಿಲೆಗೆ, ತೂಕ ಇಳಿಸಲು ಕೊಡುವ, ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುವ) ಔಷಧಿ ತಗೊಳ್ತಿದ್ದರೆ ಮೊದಲೇ ಹೇಳಿ. ಅಂಥವರಿಗೆ, ಧೈರ್ಯ ಇದ್ದರೆ, ಸ್ಪ್ರೇ ವಾಸಿ ಅನ್ನುವುದು ನನ್ನ ಅನಿಸಿಕೆ. ಗಂಟಲಿಗೆ ಏನು ತಗುಲಿದರೂ ತಡೆಯಲಾಗದವರು ಸುಮ್ನೆ ಒದ್ದಾಡುವುದು ಬೇಡ, ಇಂಜೆಕ್ಷನ್ ಕೇಳಿ.

ಸಾಮಾನ್ಯವಾಗಿ ಲಘು ಆಹಾರ 6 ಗಂಟೆ ಮುಂಚೆ, ನೀರು 2 ಗಂಟೆ ಮುಂಚೆ ನಿಲ್ಲಿಸಬೇಕು. ಇಂಜೆಕ್ಷನ್ ಆದರೆ ಜೊತೆಗೆ ಒಬ್ಬರು ಬರಲೇಬೇಕು. 24 ಗಂಟೆ ಗಾಡಿ ಓಡಿಸಬೇಡಿ, ಮುಖ್ಯ ಕಾಗದಗಳಿಗೆ ಸಹಿ ಹಾಕಬೇಡಿ.