ಧಾರೆಗೆ ಮೊಳಕಾಲ್ಮೂರು ರೇಷ್ಮೆ ಸೀರೆ

ಶಿವಮೊಗ್ಗದ ಗಾಂಧಿ ಬಜಾರಿಗೆ ಮದುವೆ ಜವಳಿ ತೆಗೆಯಲು ಬರುವವರು ಮೊದಲು ಕೇಳುವುದು ಕಾಂಚೀಪುರಂ ಸೀರೆಯನ್ನು. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರಿನ ಕೈಮಗ್ಗಗಳಲ್ಲಿ ತಯಾರಾಗುವ, ಭೌಗೋಳಿಕ ಸೂಚಕ ಮಾನ್ಯತೆ ಪಡೆದ ರೇಷ್ಮೆ ಸೀರೆಯನ್ನು ಹೆಸರು ಹಿಡಿದು ಕೇಳುವವರು ಕಡಿಮೆ. ಅಕ್ಕನ ಮಗಳ ಧಾರೆಗೆ ನಾವು ಆರಿಸಿದ್ದು ಅದನ್ನೇ. ತೀರ್ಥಹಳ್ಳಿ ಸಮೀಪದ ಮನೆಯಂಗಳದ ಚಪ್ಪರದಲ್ಲಿ ಮದುವೆ ನಡೆದು ಒಂದು ಮಳೆಗಾಲವೂ ಕಳೆದಿರುವುದರಿಂದ, ಅದರ ಗುಣದೋಷಗಳನ್ನು ಈಗ ಧೈರ್ಯವಾಗಿ ಹೇಳಬಹುದು.

ಸೀರೆಯ ಒಡಲು ಕುಂಕುಮಗೆಂಪು, ಅಂಚು ಗಿಳಿಹಸಿರು. ಎರಡೂ ಕಡೆಯ ಅಂಚು ಒಡಲಿಗಿಂತ ಬೇರೆ ಬಣ್ಣದಲ್ಲಿರುವ ಇಂಥ ನೇಯ್ಗೆಗೆ ಹೊಕ್ಕನ್ನು, ಅಂದರೆ ಅಡ್ಡನೂಲನ್ನು, ಒಯ್ಯುವ ಮೂರು ಲಾಳಿ ಬೇಕು: ಒಡಲಿಗೆ ಒಂದು, ಅಂಚುಗಳಿಗೆ ಒಂದೊಂದು. ಒಳಮೈಯನ್ನು ತಿರುವಿ ನೋಡಿದರೆ, ಕೆಂಪು ಮತ್ತು ಹಸಿರು ಹೊಕ್ಕುನೂಲುಗಳು ಒಂದನ್ನೊಂದು ಹಿಡಿದು ಹಿಂದಿರುಗುವ ಸಣ್ಣ ಹಲ್ಲುಗಳ ಸಾಲು ಕಾಣುತ್ತದೆ. ಬೆರಳಾಡಿಸಿದರೆ ಕೈಗೂ ತಗಲುತ್ತದೆ. ಈ ಕೆಲಸ ಇಷ್ಟು ಅಚ್ಚುಕಟ್ಟಾಗಿರುವ ಸೀರೆ ನಮ್ಮ ಪಕ್ಕದಲ್ಲೇ ಸಿಗುತ್ತಿರುವಾಗ ಅದರತ್ತ ಕಣ್ಣು ಹಾಯಿಸದಿರುವುದು ನನಗಂತೂ ಬೇಸರದ ಸಂಗತಿ.

ಜರಿಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಸೀರೆಗಿದ್ದ ಸಿಲ್ಕ್ ಮಾರ್ಕ್ ಚೀಟಿ ರೇಷ್ಮೆ ಅಪ್ಪಟವೆಂದು ಹೇಳುತ್ತದೆಯೇ ಹೊರತು ಜರಿಯ ಬಗ್ಗೆಯಾಗಲಿ, ನೇಯ್ದದ್ದು ಕೈಮಗ್ಗದಲ್ಲೋ ವಿದ್ಯುತ್ ಮಗ್ಗದಲ್ಲೋ ಎಂಬುದರ ಬಗ್ಗೆಯಾಗಲಿ ಏನನ್ನೂ ಹೇಳುವುದಿಲ್ಲ. ಕೈಮಗ್ಗಕ್ಕೆ ಹ್ಯಾಂಡ್‌ಲೂಮ್ ಮಾರ್ಕ್ ಎಂಬ ಬೇರೆ ಗುರುತೇ ಇದೆ. ನಾವು ಕೇಳಿದಾಗ ಅಂಗಡಿಯ ಹಿರಿಯರು, “ಇದು ಟೆಸ್ಟೆಡ್ ಜರಿ ಅಮ್ಮಾ, ಬೆಳ್ಳಿ ಜರಿ ಬೇಕೆಂದರೆ ರೇಟು ಬೇರೆ” ಎಂದು ಮರೆಮಾಚದೆ ತಿಳಿಸಿ, ಬಿಲ್ಲಿನಲ್ಲಿಯೂ ಹಾಗೆಯೇ ಬರೆದುಕೊಟ್ಟರು. ಟೆಸ್ಟೆಡ್ ಜರಿಯೆಂದರೆ ತಾಮ್ರದ ತಂತಿಗೆ ಬೆಳ್ಳಿಯ ಲೇಪ ಕೊಟ್ಟು ಹೊನ್ನಿನ ಬಣ್ಣ ಬರಿಸಿದ್ದು. ಅದು ಬೇಗ ಮಂಕಾಗುತ್ತದೆ, ನಮ್ಮ ಸೀರೆಯ ಸೆರಗಿನಲ್ಲಿ ಒಂದೆರಡು ಕಡೆ ಆಗಲೇ ಮಂಕಾಗಿದೆ. ಅಸಲಿ ಜರಿಯೇ ಬೇಕೆನ್ನುವವರಿಗೆ ಶೇ. 65 ಬೆಳ್ಳಿ, ಶೇ. 0.65 ಚಿನ್ನದ ಜರಿಯಿರುವ ಕೆ.ಎಸ್.ಐ.ಸಿ.ಯ (ರಾಜ್ಯ ಸರ್ಕಾರದ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ) ಮೈಸೂರು ಸಿಲ್ಕ್ ಇದ್ದೇ ಇದೆ. ಆದರೆ ಅದರ ಕ್ರೇಪ್ ಮೈಮೇಲೆ ಜಾರುವಷ್ಟು ಮೃದು; ಆರತಕ್ಷತೆಗೆ ಚೆಂದ, ಧಾರೆಗೆ ಬೇಕಾದ ನಿಂತ ನೆರಿಗೆ ಅದರಲ್ಲಿ ಕೂರುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಧಾರೆಯ ಸೀರೆಗೆ ಬಣ್ಣದ ಪರೀಕ್ಷೆಯೂ ಅಗತ್ಯ. ಧಾರೆ ಎರೆಯುವಾಗ ನೀರು, ಹಾಲು ಮಡಿಲಿನ ಮೇಲೆ ಬೀಳದೆ ಇರುವುದಿಲ್ಲ. ಬಿಳಿ ಹತ್ತಿ ಬಟ್ಟೆಯನ್ನು ಒದ್ದೆ ಮಾಡಿ ಒಡಲಿನ ತುದಿಯ ಒಳಭಾಗವನ್ನು ಉಜ್ಜಿ ನೋಡಲು ಅಂಗಡಿಯವರು ಒಪ್ಪಿದರು. ಬಟ್ಟೆಗೆ ಬಣ್ಣ ಹತ್ತಲಿಲ್ಲ. ಮದುವೆಯ ದಿನ ಹಾಲು ಚೆಲ್ಲಿದ ಜಾಗದಲ್ಲಿಯೂ ಕೆಂಪು ಹಸಿರಿಗೆ ಇಳಿಯಲಿಲ್ಲ. ಬಾಗಿಲಾಚೆ ಬಿಸಿಲಿನಲ್ಲಿ ಸೀರೆ ಬಿಡಿಸಿ ತೋರಿಸಲೂ ಅವರು ಬೇಸರಪಡಲಿಲ್ಲ. ಸೀರೆ ಹಗುರವಾಗಿದ್ದುದರಿಂದ ಹೋಮದ ಮುಂದೆ ಹೊತ್ತುಗಟ್ಟಲೆ ಕುಳಿತ ಹುಡುಗಿಗೆ ಸೊಂಟದ ಮೇಲೆ ಭಾರವೆನಿಸಲಿಲ್ಲ.

ಬಣ್ಣಗಳ ಆಯ್ಕೆ ಕಡಿಮೆ. ಬಿಳಿ ಒಡಲು, ಕೆಂಪಂಚಿನ ಸೀರೆ ಬೇಕೆನ್ನುವ ಮನೆತನದವರು ಮೊದಲೇ ಹೇಳಿ ತರಿಸಿಕೊಳ್ಳಬೇಕು. ಕುಚ್ಚು, ಫಾಲ್ ಕೆಲಸ ಚೆನ್ನಾಗಿತ್ತು.

ಅಂಗಡಿಯವರ ಮೇಲೆ ನನಗಿರುವ ಒಂದೇ ಆಕ್ಷೇಪವೆಂದರೆ, ಅಷ್ಟು ಬೆಲೆಯ ಸೀರೆಯನ್ನು ನುಸಿಗುಳಿಗೆಯ ಸಮೇತ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಕೊಟ್ಟದ್ದು. ಮಲೆನಾಡಿನಲ್ಲಿ ಬೇಸಿಗೆಯ ಮದುವೆ ಮುಗಿಯುತ್ತಿದ್ದಂತೆ ಮಳೆ ಹಿಡಿಯುತ್ತದೆ. ತೇವ ಕೂತ ಪ್ಲಾಸ್ಟಿಕ್ಕಿನೊಳಗೆ ರೇಷ್ಮೆಗೆ ಬೂಸಲು ಬರುತ್ತದೆ, ಗುಳಿಗೆ ತಗಲಿದ ಜರಿ ಕಪ್ಪಾಗುತ್ತದೆ. ನಾವು ಅದನ್ನು ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಟ್ಟು, ಹೊಳವಾದಾಗಲೆಲ್ಲ ನೆರಳಿನಲ್ಲಿ ಬಿಡಿಸಿ ಮಡಿಕೆ ಬದಲಿಸುತ್ತಿದ್ದೇವೆ. ಪೆಟ್ಟಿಗೆಯ ಬದಲು ಒಂದು ಹತ್ತಿಯ ಚೀಲ ಕೊಡುವುದು ಅವರಿಗೆ ದೊಡ್ಡ ಖರ್ಚಲ್ಲ.